‘ರನ್’ ಧಾತು ಮೀಮಾಂಸೆ

ಆಂಗ್ಲ ಕ್ರಿಯಾಪದಗಳಲ್ಲೆಲ್ಲ ಅತ್ಯಂತ ಚಂಚಲವೂ, ಕೋಶಕಾರರ ಆಯುಷ್ಯವನ್ನು ನಿರ್ದಾಕ್ಷಿಣ್ಯವಾಗಿ ಕಬಳಿಸತಕ್ಕದ್ದೂ ಆದ ಧಾತು ಯಾವುದೆಂದರೆ, ‘ರನ್’ ಎಂದು ನಿಸ್ಸಂಶಯವಾಗಿ ಹೇಳಬಹುದು. 1884ರಲ್ಲಿ ಮೊದಲ ಸಂಚಿಕೆ ಹೊರಟು 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಮಹಾಕೋಶದಲ್ಲಿ ‘ಸೆಟ್’ ಎಂಬುದೇ ಅಗ್ರಾಸನವನ್ನು ಏರಿ ಕುಳಿತಿದ್ದಿತು; ಈಚಿನ ಪರಿಷ್ಕರಣದಲ್ಲಿ ‘ರನ್’ 645 ಅರ್ಥಗಳ ಪರಿವಾರದೊಡನೆ ಬಂದು ಅದನ್ನು ಹಿಂದಿಕ್ಕಿತು. ಕುಳಿತವನನ್ನು ಓಡುವವನು ಹಿಂದಿಕ್ಕುವುದು ನ್ಯಾಯವೇ ಸರಿ.

ಇದರ ವಾಚ್ಯಾರ್ಥ ಸರ್ವವಿದಿತ: ಕಾಲುಳ್ಳ ಪ್ರಾಣಿಯು ಪಾದಗಳೆರಡೂ ಒಮ್ಮೆಗೇ ನೆಲ ಬಿಡುವಂತೆ ಧಾವಿಸುವುದು. ಆದರೆ ಮಮ್ಮಟಾದಿ ಆಲಂಕಾರಿಕರು ಹೇಳುವ ಮುಖ್ಯಾರ್ಥಬಾಧೆ, ಎಂದರೆ ವಾಚ್ಯಾರ್ಥ ಹೊಂದದೆ ಹೋಗುವುದು, ಇಂಗ್ಲಿಷರ ಮನೆಯಲ್ಲಿ ಮುಖ ತೊಳೆಯುವ ಮೊದಲೇ ಆರಂಭವಾಗುತ್ತದೆ. ಅವರ ನಲ್ಲಿ ಓಡುತ್ತದೆ, ಮೂಗು ಓಡುತ್ತದೆ, ಒಗೆದ ಬಟ್ಟೆಯ ಬಣ್ಣ ಓಡುತ್ತದೆ, ನೆಟ್ಟಲ್ಲೇ ನೆಟ್ಟ ಬೇಲಿಯೂ ಹೊಲದಂಚಿನಲ್ಲಿ ಓಡುತ್ತದೆ. ಹಾಸಿಗೆ ಹಿಡಿದ ರೋಗಿಯು ಮಲಗಿದಲ್ಲಿಂದಲೇ ಜ್ವರವನ್ನು ಓಡಿಸುತ್ತಾನೆ, ಆದರೂ ಅದು ಹೋಗುವುದಿಲ್ಲ. ನಮ್ಮಲ್ಲಾದರೋ ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ, ಅಂಗಡಿ ನಡೆಯುತ್ತದೆ. ಕೆಲಸಕ್ಕೊಬ್ಬ ಆಳನ್ನಿಟ್ಟ ದೊಡ್ಡ ಮನೆತನ ನಮ್ಮದು; ಒಬ್ಬನೇ ಆಳಿನ ಬೆನ್ನು ಮುರಿಯುವ ಜಿಪುಣತನ ಅವರದು.

ಚುನಾವಣೆಗೆ ಅಮೆರಿಕದ ಅಭ್ಯರ್ಥಿ ಓಡುತ್ತಾನೆ. ಅದೇ ಭಾಷೆಯನ್ನಾಡುವ ಇಂಗ್ಲೆಂಡಿನವನು ನಿಲ್ಲುತ್ತಾನೆ. ನಮ್ಮವರೂ ನಿಲ್ಲುವವರೇ. ಗೆದ್ದ ಮೇಲೆ ಕೈಗೆ ಸಿಗದಿರುವುದನ್ನು ನೋಡಿದರೆ, ಓಟವನ್ನು ಅನಂತರಕ್ಕೆ ಇಟ್ಟುಕೊಂಡಿರಬೇಕೆಂದು ತೋರುತ್ತದೆ.

ಪಂಡಿತರ ಬುದ್ಧಿ ನಿಜವಾಗಿ ಮುಗ್ಗರಿಸುವುದು ಕ್ರಿಕೆಟ್ಟಿನಲ್ಲಿ. ದಾಂಡಿಗನು ಚೆಂಡನ್ನು ಗೆರೆಯಾಚೆಗೆ ಬಾರಿಸಿ, ಬ್ಯಾಟನ್ನೂರಿ, ಕೈಗವಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದುಕೊಳ್ಳುತ್ತ ನಿಂತಿರುವಾಗಲೇ ಅವನ ಖಾತೆಗೆ ನಾಲ್ಕು ‘ಓಟ’ಗಳು ಜಮೆಯಾಗುತ್ತವೆ; ಚೆಂಡು ನೆಲ ಮುಟ್ಟದೆ ದಾಟಿದರೆ ಆರು. ಅದರ ಬೆನ್ನಟ್ಟಿ, ಏದುಸಿರು ಬಿಡುತ್ತ, ಹುಲ್ಲಿನ ಮೇಲೆ ಮೊಣಕೈ ತರಚಿಕೊಂಡ ಕ್ಷೇತ್ರರಕ್ಷಕನಿಗೆ ಒಂದೂ ಇಲ್ಲ. ಪ್ರಾಣಭಯದಿಂದ ಓಡಿಯೂ ಗೆರೆ ಮುಟ್ಟಲಾರದ ದಾಂಡಿಗನನ್ನಂತೂ ‘ರನ್ ಔಟ್’ ಎಂದು ಹೊರಗಟ್ಟುತ್ತಾರೆ. ಲಕ್ಷಣೆಯ ಹಳೆಯ ಉದಾಹರಣೆಯಂತೆ ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದಾಗ, ಹಳ್ಳಿ ಇರುವುದು ಅದರ ದಡದಲ್ಲೆಂದು ಅರ್ಥಮಾಡಿ, ಆಲಂಕಾರಿಕರು ದಡವನ್ನಾದರೂ ಹಿಡಿದು ಬದುಕಿದರು. ಇಲ್ಲಿ ಹಿಡಿಯಲು ದಡವೂ ಇಲ್ಲ.

ಹಾಗೆಂದು ನಮ್ಮ ‘ಓಡು’ ಧಾತು ಪರಮಸಾಧುವೇನಲ್ಲ. ಒಂದೇ ಚಿತ್ರಮಂದಿರದಲ್ಲಿ ಕದಲದೆ ಕುಳಿತ ಚಿತ್ರ ನೂರು ದಿನ ಓಡಿತೆನ್ನುತ್ತೇವೆ. ಹೆಗಲ ಮೇಲೆ ಭದ್ರವಾಗಿರಬೇಕಾದ ತಲೆ ‘ಓಡುತ್ತಿಲ್ಲ’ವೆಂದು ಕೊರಗುತ್ತೇವೆ.

ಈ ವಾಕ್ಯವನ್ನು ಬರೆಯುತ್ತಿದ್ದಂತೆಯೇ ಅಡುಗೆಯ ಮನೆಯಿಂದ, “ರೀ, ಹಾಲು ಉಕ್ತಾ ಇದೆ, ಓಡಿ ಬನ್ನಿ!” ಎಂಬ ಕೂಗು ಕೇಳಿಸಿತು. ಇಲ್ಲಿನ ‘ಓಡಿ’ ಎಂಬುದು ವಾಚ್ಯವೋ, ತ್ವರೆಯನ್ನು ಮಾತ್ರ ಸೂಚಿಸುವ ಲಾಕ್ಷಣಿಕವೋ ಎಂದು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ವಿಮರ್ಶಿಸುತ್ತ ಹೊಸ್ತಿಲಿಗೆ ಬರುವಷ್ಟರಲ್ಲಿ, ಹಾಲೇ ಒಲೆಯ ಕಟ್ಟೆಯಿಂದ ಕೆಳಗಿಳಿದು ನನ್ನೆದುರಿಗೆ ಓಡಿ ಬರುತ್ತಲಿದ್ದಿತು.