ನರ್ಸಿಂಗ್ ಸೀಟಿಗೆ ಮನೆಮಂದಿಯೆಲ್ಲ

ಮನೆಯಲ್ಲಿ ಒಬ್ಬರು ಪ್ರವೇಶ ಪರೀಕ್ಷೆಗೆ ಓದಲು ಕೂತರೆ ಸಾಕು, ಉಳಿದವರೆಲ್ಲ ಶಿಕ್ಷಣತಜ್ಞರಾಗಿಬಿಡುತ್ತಾರೆ. ತಿಪಟೂರು ತಾಲೂಕಿನ ಹಳ್ಳಿಯೊಂದರ ಆ ಮನೆಯಲ್ಲೂ ಆದದ್ದು ಅದೇ. ಪುಟ್ಟಿಗೆ ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಬಿಎಸ್ಸಿ ನರ್ಸಿಂಗ್ ಓದುತ್ತೇನೆ ಎಂದು ಅವಳು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದಳು. ಬೆಳಗಾಗುವಷ್ಟರಲ್ಲಿ ಕೊಬ್ಬರಿ ವ್ಯಾಪಾರದ ಅಪ್ಪ, ನಿವೃತ್ತ ಮೇಷ್ಟ್ರಾದ ದೊಡ್ಡಪ್ಪ, ಸಕ್ಕರೆ ಕಾಯಿಲೆಯ ಅಜ್ಜಿ, ಬೆಂಗಳೂರಿನಲ್ಲಿ ಕೂತು ಪತ್ರಿಕೆಗಳಿಗೆ ಬರೆಯುವ ಒಬ್ಬ ಸೋದರಮಾವ, ಈ ನಾಲ್ವರಿಗೂ ಆ ಕೋರ್ಸಿನ ಬಗ್ಗೆ ಖಚಿತ ಅಭಿಪ್ರಾಯಗಳು ಬಂದಿದ್ದವು. ಅಮ್ಮ ಮಾತ್ರ "ಓದೋಳು ಅವಳು, ನಿಮಗ್ಯಾಕೆ ಉಸಾಬರಿ" ಅಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ತಕರಾರು ದೊಡ್ಡಪ್ಪನದು. "ಸೈನ್ಸ್ ತಗೊಂಡಿದ್ದೀಯ, ನೀಟ್ ಬರೆದು ಡಾಕ್ಟರ್ ಆಗೋಕೇನು ಧಾಡಿ?" ಪುಟ್ಟಿ ತಟ್ಟೆಯಿಂದ ತಲೆಯೆತ್ತದೆ, "ಡಾಕ್ಟರು ರೌಂಡ್ಸ್‌ಗೆ ಬಂದು ಐದು ನಿಮಿಷ ನಿಂತು ಹೋಗ್ತಾರೆ ದೊಡ್ಡಪ್ಪ. ಆಮೇಲೆ ರಾತ್ರಿಯೆಲ್ಲ ಇರೋರು ಸಿಸ್ಟರ್‌ಗಳೇ" ಅಂದಳು. ದೊಡ್ಡಪ್ಪನಿಗೆ ಇದು ಉತ್ತರ ಅನ್ನಿಸಲಿಲ್ಲ. ಅವರ ಮನಸ್ಸು ತಿರುಗಿದ್ದು ಪಕ್ಕದ ಬೀದಿಯವರ ಸಂಬಂಧಿಕರ ಹುಡುಗಿಯೊಬ್ಬಳು ಜರ್ಮನಿಗೆ ನರ್ಸ್ ಆಗಿ ಹೋದ ಸುದ್ದಿ ಬಂದ ಮೇಲೆ. ಯೂರೋ ಒಂದಕ್ಕೆ ಎಷ್ಟು ರೂಪಾಯಿ ಎಂದು ಕೇಳಿ ತಿಳಿದುಕೊಂಡರು, ಮನಸ್ಸಿನಲ್ಲೇ ಗುಣಿಸಿದರು, ಮರುದಿನದಿಂದ ಸೇವೆಯ ಮಹತ್ವದ ಬಗ್ಗೆ ಮಾತಾಡತೊಡಗಿದರು. ಅಲ್ಲಿಗೆ ಹೋಗುವವರು ಜರ್ಮನ್ ಭಾಷೆಯನ್ನು ಬಿ2 ಮಟ್ಟದವರೆಗೆ ಕಲಿಯಬೇಕಾಗುತ್ತದೆ ಎಂದು ಸೋದರಮಾವ ಹೇಳಿದ್ದಕ್ಕೆ, "ಇಂಗ್ಲಿಷ್ ಕಲಿತಿಲ್ವೇನಯ್ಯ, ಅದ್ಯಾವ ಮಹಾ" ಎಂದು ತಳ್ಳಿಹಾಕಿದರು.

ಇನ್ನು ಪರೀಕ್ಷೆ. ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಬೇಕಾದವರು ಈಗ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬರೆಯಬೇಕು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಪ್ಪ ತಕ್ಷಣ ಲೆಕ್ಕ ಹಾಕಿದರು: "ಒಂದು ಪ್ರಶ್ನೆಗೆ 80 ಸೆಕೆಂಡು. ನಾವು ಒಂದು ಮೂಟೆ ಕೊಬ್ಬರಿ ನೋಡೋಕೆ ಅಷ್ಟು ಹೊತ್ತು ತಗೊಳಲ್ಲ!" ಅಪ್ಪನ ದೃಷ್ಟಿಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಗುಂಡು ಹೊಡೆಯಬಹುದಾದ ಪರೀಕ್ಷೆ ನ್ಯಾಯವಾದ ಪರೀಕ್ಷೆ.

ತೊಂದರೆ ಬಂದದ್ದು ಏಮ್ಸ್‌ನಿಂದ. ಅಲ್ಲಿನ ಬಿಎಸ್ಸಿ ಆನರ್ಸ್ ನರ್ಸಿಂಗ್‌ಗೆ ಬೇರೆಯದೇ ಪರೀಕ್ಷೆ. ಎರಡು ಗಂಟೆ, 100 ಪ್ರಶ್ನೆ. ಮೂರು ವಿಜ್ಞಾನಗಳಿಗೆ ತಲಾ 30, ಸಾಮಾನ್ಯ ಜ್ಞಾನಕ್ಕೆ 10. ತಪ್ಪಿದರೆ ಅಂಕದ ಮೂರನೇ ಒಂದು ಭಾಗ ಕಡಿತ. ಪುಟ್ಟಿ ಎರಡಕ್ಕೂ ಒಟ್ಟಿಗೆ ತಯಾರಿ ಮಾಡುತ್ತಿದ್ದಳಾದ್ದರಿಂದ ಅವಳ ಸ್ವಭಾವವೇ ಇಬ್ಭಾಗವಾಯಿತು. ಬೆಳಿಗ್ಗೆ ಸಿಇಟಿಯ ಹಳೇ ಪ್ರಶ್ನೆಪತ್ರಿಕೆ ಹಿಡಿದಾಗ ಮಹಾ ಧೈರ್ಯಸ್ಥೆ, ಒಂದು ಪ್ರಶ್ನೆಯನ್ನೂ ಖಾಲಿ ಬಿಡುವುದಿಲ್ಲ. ಸಂಜೆ ಏಮ್ಸ್ ಮಾದರಿ ಪತ್ರಿಕೆಗೆ ಕೂತರೆ, ಗೊತ್ತಿರುವ ಉತ್ತರವನ್ನೂ ಅನುಮಾನದಿಂದ ನೋಡುತ್ತಾಳೆ. ರಾತ್ರಿ "ಮೊಸರು ಹಾಕ್ಲೇನೆ?" ಎಂದು ಅಮ್ಮ ಕೇಳಿದರೆ, "ನೆಗೆಟಿವ್ ಮಾರ್ಕ್ಸ್ ಇದೆಯಾ?" ಎಂದು ಕೇಳುವ ಹಂತಕ್ಕೆ ಬಂದಿದ್ದಳು.

ಸಾಮಾನ್ಯ ಜ್ಞಾನದ ಹತ್ತು ಅಂಕವನ್ನು ಸೋದರಮಾವ ಫೋನಿನಲ್ಲಿ ಗುತ್ತಿಗೆ ಹಿಡಿದ. ವಿಶ್ವ ದಾದಿಯರ ದಿನ ಯಾವಾಗ? ಮೇ 12, ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಹುಟ್ಟಿದ ದಿನ. ಭಾರತದಲ್ಲಿ ನರ್ಸಿಂಗ್ ಪದವಿ ಶುರುವಾದದ್ದು? 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ? 1996. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬರೆಯುವವರಿಗೆ ನಿಲ್ಲಿಸುವುದು ಗೊತ್ತಿರುವುದಿಲ್ಲ. ನೈಟಿಂಗೇಲ್ ದೀಪ ಹಿಡಿದು ವಾರ್ಡು ಸುತ್ತಿದ್ದಷ್ಟೇ ಅಲ್ಲ, ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಸತ್ತರು ಎಂಬುದನ್ನು 1858ರಲ್ಲಿ ಅಂಕಿಅಂಶಗಳ ಚಿತ್ರ ಬಿಡಿಸಿ ಸರ್ಕಾರಕ್ಕೆ ತೋರಿಸಿದಳು, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆ ಅವಳೇ, ಎಂದೆಲ್ಲ ವಿವರಿಸಿದ. ಪುಟ್ಟಿಗೆ ಇದರಿಂದ ಬೇಸರವಾಯಿತು. ನರ್ಸಿಂಗ್‌ಗೆ ಸಿಇಟಿಯ ಗಣಿತ ಪತ್ರಿಕೆ ಬೇಕಿಲ್ಲ ಎಂಬುದೇ ಅವಳ ಬದುಕಿನ ದೊಡ್ಡ ಸಮಾಧಾನವಾಗಿತ್ತು. ಆ ವೃತ್ತಿಯ ಮೂಲಪುರುಷಿಯೇ ಲೆಕ್ಕದವಳು ಅಂದರೆ?

ಅಜ್ಜಿಯ ಪಾಲಿಗೆ ಜೀವಶಾಸ್ತ್ರ ಬಂತು. ಪುಟ್ಟಿ ಜಗಲಿಯಲ್ಲಿ ಜೋರಾಗಿ ಓದುವುದು, ಅಜ್ಜಿ ಅವರೆಕಾಯಿ ಸುಲಿಯುತ್ತ ಕೇಳುವುದು. ವಯಸ್ಕರ ದೇಹದಲ್ಲಿ 206 ಮೂಳೆಗಳಿವೆ ಎಂದಾಗ, "ಗೊತ್ತು ಬಿಡು, ದಿನಕ್ಕೊಂದು ಹಾಜರಿ ಹಾಕ್ತವೆ" ಅಂದರು. ಹುಟ್ಟಿದ ಕೂಸಿಗೆ ಇದಕ್ಕಿಂತ ಹೆಚ್ಚು ಮೂಳೆ ಇರುತ್ತದೆ, ಬೆಳೆಯುತ್ತ ಕೆಲವು ಕೂಡಿಕೊಳ್ಳುತ್ತವೆ ಎಂದದ್ದನ್ನು ಮಾತ್ರ ಅವರು ಇಂದಿಗೂ ನಂಬಿಲ್ಲ.

ಹೊಸತೊಡಕಿನ ಮಾರನೇ ದಿನ ಅಜ್ಜಿ ಆಸ್ಪತ್ರೆ ಸೇರಿದರು. ಬಾಡೂಟದ ಪ್ರತಾಪ, ರಾತ್ರಿಯಿಡೀ ವಾಂತಿ, ಭೇದಿ. ಪರೀಕ್ಷೆಗೆ ದಿನ ಹತ್ತಿರ ಬಂದಿತ್ತು, ಆದರೂ ಹಟ ಮಾಡಿ ಪುಟ್ಟಿಯೇ ಜೊತೆಗೆ ಉಳಿದಳು. ಸಿಸ್ಟರ್ ಬಂದು ಬಾಟಲಿ ನೇತುಹಾಕಿದ್ದೇ ತಡ ಅಪ್ಪ ಗಾಬರಿಯಾದರು: "ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸಾ?" ಪುಟ್ಟಿ ಬಾಟಲಿಯ ಚೀಟಿ ಓದಿದಳು. ಸೋಡಿಯಂ ಕ್ಲೋರೈಡ್, 0.9 ಪರ್ಸೆಂಟ್. ನೂರು ಮಿಲಿಲೀಟರ್ ನೀರಿಗೆ ಒಂದು ಗ್ರಾಂಗೂ ಕಡಿಮೆ ಉಪ್ಪು. ಅದಕ್ಕಿಂತ ಸಪ್ಪೆಯಾದರೆ ಕೆಂಪು ರಕ್ತಕಣಗಳು ನೀರು ಕುಡಿದು ಉಬ್ಬುತ್ತವೆ, ಬರೀ ನೀರಾದರೆ ಒಡೆದೇಹೋಗುತ್ತವೆ. ಉಪ್ಪು ಹೆಚ್ಚಾದರೆ ಸುಕ್ಕುತ್ತವೆ. ಆಸ್ಮಾಸಿಸ್ ಪಾಠವನ್ನು ಅವಳು ಎಷ್ಟು ಸಲ ಉರು ಹೊಡೆದಿದ್ದಳೋ, ಅದು ಕಂಬಕ್ಕೆ ನೇತುಬಿದ್ದದ್ದನ್ನು ನೋಡಿದ್ದು ಅವತ್ತೇ.

ಐದು ಗಂಟೆಯಲ್ಲಿ 500 ಮಿಲಿಲೀಟರ್ ಹೋಗಬೇಕು ಎಂದು ಡಾಕ್ಟರು ಬರೆದಿದ್ದರು. ಡ್ರಿಪ್ ಸೆಟ್ಟಿನ ಕವರಿನ ಮೇಲೆ ಒಂದು ಮಿಲಿಲೀಟರಿಗೆ 20 ಹನಿ ಎಂದು ಅಚ್ಚಾಗಿತ್ತು. ಪುಟ್ಟಿ ಹಾಲ್ ಟಿಕೆಟ್ಟಿನ ಜೆರಾಕ್ಸ್ ಹಿಂದೆ ಲೆಕ್ಕಕ್ಕೆ ಕೂತಳು: ಒಟ್ಟು 10,000 ಹನಿ, 300 ನಿಮಿಷ, ನಿಮಿಷಕ್ಕೆ 33 ಮತ್ತೊಂದಿಷ್ಟು. ಅವಳು ಭಾಗಾಕಾರ ಮುಗಿಸುವ ಮುಂಚೆಯೇ ಸಿಸ್ಟರ್ ವಾಚು ನೋಡುತ್ತ ಹನಿ ಎಣಿಸಿದರು, ನಳಿಕೆಯ ಮೇಲಿನ ಪುಟ್ಟ ಚಕ್ರವನ್ನು ಬೆರಳಿನಿಂದ ತುಸು ಕೆಳಗೆ ಒತ್ತಿದರು, ಮತ್ತೆ ಎಣಿಸಿದರು. ಕಾಲು ನಿಮಿಷಕ್ಕೆ ಎಂಟು ಹನಿ. ಅಷ್ಟು ಮಾಡಿ ಮುಂದಿನ ಮಂಚಕ್ಕೆ ಹೋದರು. ಅಜ್ಜಿ ಕೈ ಮಡಚಿದಾಗ ಹನಿ ನಿಂತಿತು. ಕೈ ನೇರ ಮಾಡಿಸಿ ಕಂಬವನ್ನು ಒಂದು ಗೇಣು ಎತ್ತರಿಸಿದ ಮೇಲೆ ಸಲೀಸಾಗಿ ಹರಿಯಿತು. ಎತ್ತರ ಹೆಚ್ಚಿದಷ್ಟೂ ದ್ರವದ ಒತ್ತಡ ಹೆಚ್ಚು. ಭೌತ, ರಸಾಯನ, ಜೀವ, ಮೂರೂ ಒಂದೇ ಕಂಬದಲ್ಲಿದ್ದವು, ಬೇಡವೆಂದು ಬಿಟ್ಟಿದ್ದ ಗಣಿತವೂ ಜೊತೆಗೆ ಬಂದಿತ್ತು. ಮಾದರಿ ಪ್ರಶ್ನೆಪತ್ರಿಕೆ ತಯಾರಿಸುವವರು ಕಪ್ಪೆ ಬಾವಿ ಹತ್ತುವ, ರೈಲು ಸುರಂಗ ದಾಟುವ ಲೆಕ್ಕಗಳನ್ನು ಸ್ವಲ್ಪ ಕಾಲ ಬದಿಗಿಟ್ಟು ಇದನ್ನು ಕೇಳಬಾರದೇಕೆ ಎಂಬುದು ಸೋದರಮಾವನ ಅನುಮಾನ.

ಹಾಗೆ ನೋಡಿದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮಾವಳಿಯಲ್ಲಿ ಪ್ರವೇಶ ಪರೀಕ್ಷೆ ಹೀಗಿರಬೇಕು ಎಂದು ಒಂದು ಮಾದರಿಯಿದೆ. ಮೂರು ವಿಜ್ಞಾನ ಮತ್ತು ಇಂಗ್ಲಿಷಿಗೆ ತಲಾ 20 ಅಂಕ, ಉಳಿದ 20 ನರ್ಸಿಂಗ್‌ಗೆ ಬೇಕಾದ ಮನೋಧರ್ಮಕ್ಕೆ. ಸಿಇಟಿಯಲ್ಲಿ ಆ ಕೊನೆಯ ಭಾಗ ಇಲ್ಲ. ಇದ್ದರೆ ಹೇಗಿರುತ್ತದೆ ನೋಡೋಣ ಎಂದು ಸೋದರಮಾವ ತಾನೇ ಒಂದು ಪ್ರಶ್ನೆ ಹೊಸೆದು ಮನೆಮಂದಿಗೆಲ್ಲ ಕೇಳಿದ: ರೋಗಿ ವಿನಾಕಾರಣ ನಿಮ್ಮ ಮೇಲೆ ರೇಗಿದರೆ ಏನು ಮಾಡುತ್ತೀರಿ? ದೊಡ್ಡಪ್ಪ "ಮೇಲಧಿಕಾರಿಗೆ ವರದಿ ಮಾಡುತ್ತೇನೆ" ಅಂದರು. ಅಪ್ಪ "ನಾನೂ ರೇಗ್ತೀನಿ" ಅಂದರು. ಅಜ್ಜಿ ಮಾತ್ರ, "ಊಟ ಆಯ್ತಾ ಅಂತ ಕೇಳ್ತೀನಿ. ಹಸಿದೋರೇ ಜಾಸ್ತಿ ರೇಗೋದು" ಅಂದರು. ಪುಟ್ಟಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಔಷಧಿ ಅಂಗಡಿಯ ಹುಡುಗ ಅಜ್ಜಿಯ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಬದಲು ಕಿತ್ತಳೆ ಮುಚ್ಚಳದ ಸಿರಿಂಜ್ ಕೊಟ್ಟಿದ್ದ, ಅದನ್ನು ಬದಲಾಯಿಸಲು ಹೊರಟಿದ್ದಳು. ಇನ್ಸುಲಿನ್ ಬಾಟಲಿ ಮಿಲಿಲೀಟರಿಗೆ 40 ಯೂನಿಟ್ಟಿನದು, ಕಿತ್ತಳೆ ಸಿರಿಂಜ್ 100ರ ಅಳತೆಯದು. ಅದರಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು ನಾಲ್ಕೇ ಯೂನಿಟ್.

ಈ ಮಧ್ಯೆ ಅಪ್ಪನ ಪರೀಕ್ಷೆ ಬೇರೆಯೇ ನಡೆದಿತ್ತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಅದರ ಆರ್‌ಡಿ ನಂಬರ್. ಗ್ರಾಮೀಣ ಮೀಸಲಾತಿ ಶೇಕಡ 15, ಕನ್ನಡ ಮಾಧ್ಯಮದ ಮೀಸಲಾತಿ ಶೇಕಡ 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಓದಿದ ದಾಖಲೆಗೆ ಮುಖ್ಯೋಪಾಧ್ಯಾಯರ ರುಜು, ಅದರ ಮೇಲೆ ಬಿಇಒ ಮೇಲುರುಜು. ಹೆಡ್‌ಮಾಸ್ಟರು ಸಿಕ್ಕ ದಿನ ಮೊಹರು ಬೀರುವಿನಲ್ಲಿ, ಬೀರುವಿನ ಕೀಲಿ ತರಬೇತಿಗೆ ಹೋದ ಮೇಡಂ ಬಳಿ. ಕೀಲಿ ಸಿಕ್ಕ ದಿನ ಸರ್ವರ್ ಡೌನ್. ನಾಲ್ಕು ಚಪ್ಪಲಿ ಸವೆಸಿದ ಮೇಲೆ ಅಪ್ಪ ಎಷ್ಟು ಪಳಗಿದರೆಂದರೆ, ಎಪಿಎಂಸಿಯಲ್ಲಿ ಬೇರೆಯವರ ಮಕ್ಕಳ ಅರ್ಜಿಗೂ ಅವರೇ ಸಲಹೆಗಾರರು.

ತುಮಕೂರಿನ ಕೇಂದ್ರದಲ್ಲಿ ಪರೀಕ್ಷೆ ಸುಸೂತ್ರವಾಗಿ ನಡೆಯಿತು ಎಂದಷ್ಟೇ ಹೇಳಬಹುದು. ಓಲೆ, ಸರ, ವಾಚು ಎಲ್ಲ ಬಿಚ್ಚಿ ಅಪ್ಪನ ಕರವಸ್ತ್ರಕ್ಕೆ ಸೇರಿದವು. ಗಣಿತದ ಹೊತ್ತಿಗೆ ಪುಟ್ಟಿ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು ಚಿತ್ರಾನ್ನ ತಿಂದಳು; ಒಳಗಿದ್ದವರ ಬಗ್ಗೆ ಅವಳಿಗೆ ಯಾವ ಕನಿಕರವೂ ಹುಟ್ಟಲಿಲ್ಲ. ಹೊರಬಂದವರು ಕೇಳಿದ ಮೊದಲ ಪ್ರಶ್ನೆ "ಔಟ್ ಆಫ್ ಸಿಲಬಸ್ ಎಷ್ಟು?" 2024ರಲ್ಲಿ ಪಠ್ಯಕ್ರಮದಾಚೆಯ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದ ಮೇಲೆ, ಬರದ ಪ್ರಶ್ನೆಗಳೆಲ್ಲ ಪಠ್ಯಕ್ರಮದಾಚೆಯವು ಎಂದು ನಂಬುವ ಒಂದು ಪೀಳಿಗೆ ತಯಾರಾಗಿದೆ.

ರ‍್ಯಾಂಕ್ ಬಂತು, ಪರವಾಗಿಲ್ಲ ಎನ್ನುವಂಥದು. ಆಮೇಲೆ ಆಪ್ಷನ್ ಎಂಟ್ರಿ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಒಂದು, ಒಪ್ಪಿಗೆ, ಸೇರುತ್ತೇನೆ, ಎರಡು, ಒಪ್ಪಿಗೆ, ಆದರೆ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕೀತೇ ನೋಡುತ್ತೇನೆ, ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ, ನಾಲ್ಕು, ನಿಮ್ಮ ಸಹವಾಸವೇ ಬೇಡ. ಇದನ್ನು ಕೇಳಿ ಅಜ್ಜಿ, "ನಮ್ಮ ಕಾಲದಲ್ಲಿ ಹೆಣ್ಣು ನೋಡೋಕೆ ಬಂದೋರೂ ಹಿಂಗೇ ಆಡೋರು, ಎರಡನೇ ತರದೋರು ಬಲು ಕಿಲಾಡಿಗಳು" ಅಂದರು.

ಪಟ್ಟಿಯಲ್ಲಿ ಯಾವ ಕಾಲೇಜು ಮೇಲೆ, ಯಾವುದು ಕೆಳಗೆ? ಸೋದರಮಾವ ಪುಟ್ಟಿಯನ್ನು ಕರೆದುಕೊಂಡು ಕೆಲವನ್ನು ನೋಡಿಬಂದ. ಒಂದು ಕಡೆ ಕಮಾನು ಇತ್ತು, ಕಾರಂಜಿ ಇತ್ತು, ಸ್ವಾಗತಕಾರಿಣಿ ಬಾದಾಮಿ ಹಾಲು ಕೊಟ್ಟಳು. ವಾರ್ಡು ತೋರಿಸಿ ಎಂದಾಗ ಬಹಳ ಹೊತ್ತು ಕೀಲಿ ಹುಡುಕಿದರು. ಮಂಚದ ಹಾಸಿಗೆಗಳ ಮೇಲಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ. "ಪೇಷೆಂಟ್ಸ್ ಎಲ್ಲಿ ಸರ್?" ಎಂದು ಪುಟ್ಟಿ ಕೇಳಿದಳು. "ಇನ್‌ಸ್ಪೆಕ್ಷನ್ ಟೈಮಲ್ಲಿ ಫುಲ್ ಇರುತ್ತಮ್ಮ" ಎಂಬ ಪ್ರಾಮಾಣಿಕ ಉತ್ತರ ಬಂತು.

ಅವಳು ಕೊನೆಗೆ ಮೇಲಕ್ಕೆ ಹಾಕಿದ್ದು ಬಣ್ಣ ಮಾಸಿದ ಗೋಡೆಯ, ಬೆಳಿಗ್ಗೆ ಎಂಟಕ್ಕೇ ಚೀಟಿ ಕೌಂಟರಿನ ಮುಂದೆ ನೂಕುನುಗ್ಗಲಿದ್ದ ಒಂದು ಕಾಲೇಜನ್ನು. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕು ಎಂಬುದು ಪರಿಷತ್ತಿನ ಸಾಮಾನ್ಯ ನಿಯಮ; ಅದರಲ್ಲಿ ರೋಗಿಗಳಿದ್ದಾರೆಯೇ ಎಂದು ನೋಡಿಕೊಳ್ಳುವ ಕೆಲಸ ನಮ್ಮದು. ಈ ವರ್ಷ ನಿಮ್ಮ ಮನೆಯಲ್ಲೂ ಒಬ್ಬ ಪುಟ್ಟಿ ಇದ್ದರೆ, ಆಪ್ಷನ್ ಎಂಟ್ರಿಗೆ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಆ ಆಸ್ಪತ್ರೆಗೆ ಹೋಗಿಬನ್ನಿ. ಹೊರರೋಗಿಗಳ ಸಾಲು ಕಾಣದಿದ್ದರೆ ಆ ಕಾಲೇಜಿನ ಕೋಡನ್ನು ಪಟ್ಟಿಯ ತೀರಾ ಕೊನೆಗೂ ಹಾಕಬೇಡಿ.