ಹೆಂಡತಿ ಹೆಸರಿಗೊಂದು ನಕ್ಷತ್ರ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಗಂಡಸು ಹೆಂಡತಿಗೆ ಏನು ತಾನೇ ಕೊಟ್ಟಾನು ಹೇಳಿ. ಸೀರೆ ತಂದರೆ ಬಣ್ಣ ಸರಿಯಿರೋದಿಲ್ಲ. ಒಡವೆ ಅಂದರೆ ಚಿನ್ನದ ರೇಟು ಕೇಳಿಯೇ ಬಿಪಿ ಏರುತ್ತೆ. ಹಾಗಾಗಿ ನಮ್ಮ ಭಾವಮೈದ ಈ ಸಲ ನೇರ ಆಕಾಶಕ್ಕೇ ಕೈಹಾಕಿದ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಹೆಂಡತಿ ಹೆಸರಿಗೆ ಒಂದು ನಕ್ಷತ್ರ ಕೊಂಡ.

ಸರ್ಟಿಫಿಕೇಟನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಲಗ್ನಪತ್ರಿಕೆಯಷ್ಟು ದಪ್ಪದ ಕಾಗದ, ಸುತ್ತ ಚಿನ್ನದ ಬಾರ್ಡರು, ಮೂಲೆಯಲ್ಲಿ ಉಬ್ಬು ಮೊಹರು, ನಡುವೆ ಬಳುಕುವ ಅಕ್ಷರದಲ್ಲಿ ಆಕೆಯ ಹೆಸರು. ಕೆಳಗೆ ನಕ್ಷತ್ರದ ವಿಳಾಸ: ಗಂಟೆ, ನಿಮಿಷ, ಸೆಕೆಂಡು, ಡಿಗ್ರಿ. ಎಲ್ಲಕ್ಕಿಂತ ಕೆಳಗೆ, ಸಣ್ಣಕ್ಷರದಲ್ಲಿ, ಕಾಂತಿಮಾನ 11.

ಆ ಸಣ್ಣಕ್ಷರದಲ್ಲೇ ಇರೋದು ಮಜಾ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಒಳ್ಳೆ ಕತ್ತಲಲ್ಲಿ, ಒಳ್ಳೆ ಕಣ್ಣಿಗೆ, ಹೆಚ್ಚೆಂದರೆ 6ರವರೆಗೆ ಕಾಣುತ್ತೆ. 11 ಅಂದರೆ ಅದಕ್ಕಿಂತಲೂ ನೂರು ಪಟ್ಟು ಮಂಕು. ಟೆಲಿಸ್ಕೋಪಿಲ್ಲದೆ ಆ ಪುಣ್ಯಾತ್ಗಿತ್ತಿ ಜನ್ಮದಲ್ಲಿ ತನ್ನ ನಕ್ಷತ್ರ ನೋಡುವ ಹಾಗಿಲ್ಲ. ಹಾಗಂತ ಆಕೆಗೆ ಅಭ್ಯಾಸ ಇಲ್ಲದ್ದೇನಲ್ಲ. ಮದುವೆಯ ದಿನ ಪುರೋಹಿತರು ಹಾಡಹಗಲು ಹನ್ನೊಂದು ಗಂಟೆಗೆ ಛತ್ರದ ಬಾಗಿಲಿಗೆ ಕರೆದುಕೊಂಡು ಹೋಗಿ, ಬಿಸಿಲಿಗೆ ಕೈತೋರಿಸಿ, "ಅರುಂಧತಿ ಕಂಡಿತೇನಮ್ಮಾ?" ಅಂದಿದ್ದರು. ಆಕೆ ತಲೆಯಾಡಿಸಿದ್ದಳು. ಇವನಂತೂ ಜೋರಾಗಿಯೇ "ಕಂಡಿತು" ಅಂದಿದ್ದ.

"ಭಾವಾ, ನಗಬೇಡಿ. ಇದಕ್ಕೆ ಕಾಪಿರೈಟ್ ಇದೆ," ಅಂತ ಅವನ ವಾದ. ಇದೆ, ಇಲ್ಲ ಅಂದವರ್ಯಾರು? ಇಂಥ ಕೆಲವು ಕಂಪನಿಗಳು ಮಾರಿದ ಹೆಸರುಗಳನ್ನೆಲ್ಲ ಒಂದು ಪುಸ್ತಕ ಮಾಡಿ, ಆ ಪುಸ್ತಕಕ್ಕೆ ಕಾಪಿರೈಟ್ ಮಾಡಿಸುತ್ತವೆ. ನಾಳೆ ನಾನು ನಮ್ಮ ಬೀದಿ ನಾಯಿಗಳಿಗೆಲ್ಲ ಹೆಸರಿಟ್ಟು ಪುಸ್ತಕ ಅಚ್ಚು ಹಾಕಿಸಿದರೆ ಪುಸ್ತಕ ನನ್ನದೇ. ನಾಯಿ ಮಾತ್ರ ಕರೆದರೂ ತಿರುಗಿ ನೋಡೋದಿಲ್ಲ. ಅದೇ ನಕ್ಷತ್ರವನ್ನು ಇನ್ನೊಂದು ಕಂಪನಿ ಇನ್ಯಾರದೋ ಹೆಂಡತಿಗೆ ಮಾರಿದರೂ ತಕರಾರು ಎತ್ತುವವರಿಲ್ಲ. ಹೆಸರಿನ ವಿಷಯದಲ್ಲಿ ಖಗೋಳದವರು ಒಪ್ಪೋದು 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಾತನ್ನು. ಅದು ಹೆಸರು ಮಾರುವ ಅಂಗಡಿ ಇಟ್ಟಿಲ್ಲ. ಹಾಗೆ ನೋಡಿದರೆ ಮಾಲಿಗೇನೂ ಬರವಿಲ್ಲ. ಗಾಯಾ ಅನ್ನುವ ಯುರೋಪಿನ ಉಪಗ್ರಹ ಒಂದೇ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಮಾಡಿದೆ. ಇಡೀ ಭಾರತ ತಲೆಗೊಂದು ಕೊಂಡರೂ ಮಿಗುತ್ತೆ. ಎಲ್ಲಕ್ಕೂ ಇರೋದು ನಂಬರು.

ದುಡ್ಡು ಹೋಗಲಿ, ಕಿರೀಟಕ್ಕಾದರೂ ಆಕಾಶ ಬಗ್ಗಿತೇ? 1610ರಲ್ಲಿ ಗೆಲಿಲಿಯೋ ಗುರುಗ್ರಹದ ಸುತ್ತ ನಾಲ್ಕು ಚುಕ್ಕಿ ಕಂಡು, ಫ್ಲಾರೆನ್ಸಿನ ಮೆಡಿಚಿ ಮನೆತನದ ಹೆಸರಿಟ್ಟು, 'ಮೆಡಿಚಿ ನಕ್ಷತ್ರಗಳು' ಅಂತ ಅರ್ಪಿಸಿದ. ಆಸ್ಥಾನದಲ್ಲಿ ಕೆಲಸ ಸಿಕ್ಕಿತು. ಹೆಸರು ನಿಲ್ಲಲಿಲ್ಲ, ಈಗ ಅವು ಗೆಲಿಲಿಯೋನ ಚಂದ್ರಗಳು. 1781ರಲ್ಲಿ ಹರ್ಷೆಲ್ ಹೊಸ ಗ್ರಹ ಕಂಡು ಅದನ್ನು 'ಜಾರ್ಜನ ನಕ್ಷತ್ರ' ಅಂತ ಕರೆದ. ಮೂರನೇ ಜಾರ್ಜ್ ದೊರೆ ಖುಷಿಯಾಗಿ ವರ್ಷಕ್ಕೆ 200 ಪೌಂಡು ಸಂಬಳ ಗೊತ್ತುಮಾಡಿದ. ಇಂಗ್ಲಿಷರ ಪಂಚಾಂಗ 1850ರವರೆಗೆ ದೊರೆಯ ಮರ್ಯಾದೆ ಕಾಯಿತು, ಆಮೇಲೆ ಅದೂ ಸುಮ್ಮನೆ ಯುರೇನಸ್ ಅಂದಿತು. ಗೆದ್ದವನೆಂದರೆ ಒಂದನೇ ಚಾರ್ಲ್ಸ್. ಪ್ರಜೆಗಳು 1649ರಲ್ಲಿ ಅವನ ತಲೆ ತೆಗೆದರು. ಅಭಿಮಾನಿಗಳು ಸಪ್ತರ್ಷಿ ಮಂಡಲದ ಹತ್ತಿರದ ಒಂದು ನಕ್ಷತ್ರಕ್ಕೆ 'ಚಾರ್ಲ್ಸನ ಹೃದಯ' ಅಂತ ಹೆಸರಿಟ್ಟರು. ಕಾರ್ ಕಾರೊಲಿ ಅನ್ನುವ ಆ ಹೆಸರು ಇವತ್ತಿಗೂ ಅಧಿಕೃತ. ಅಷ್ಟು ಬೆಲೆ ತೆತ್ತು ನಕ್ಷತ್ರ ಯಾರಿಗೆ ಬೇಕು ಸ್ವಾಮಿ?

ನನ್ನನ್ನು ಕೇಳಿದರೆ ನಿಜವಾದ ಕಿಲಾಡಿ ನಿಕೊಲೊ ಕಾಚಾತೊರೆ. ಇಟಲಿಯ ಪಲೆರ್ಮೊ ವೀಕ್ಷಣಾಲಯದಲ್ಲಿ ಪಿಯಾಜ್ಜಿ ಎಂಬ ದೊಡ್ಡ ಖಗೋಳಜ್ಞನ ಕೈಕೆಳಗಿನ ಸಹಾಯಕ. 1814ರಲ್ಲಿ ಅವರ ನಕ್ಷತ್ರಪಟ್ಟಿ ಅಚ್ಚಾಗಿ ಬಂದಾಗ ಅದರಲ್ಲಿ ಸುವಾಲೊಸಿನ್, ರೊಟಾನೆವ್ ಅಂತ ಎರಡು ಹೆಸರು. ಅರಬ್ಬಿಯೂ ಅಲ್ಲ, ಗ್ರೀಕೂ ಅಲ್ಲ. ಪಂಡಿತರು ತಲೆ ಕೆರೆದುಕೊಂಡರು. ಕೊನೆಗೆ ಥಾಮಸ್ ವೆಬ್ ಅನ್ನುವ ಇಂಗ್ಲಿಷ್ ಪಾದ್ರಿ ಅಕ್ಷರಗಳನ್ನು ಹಿಂದುಮುಂದಾಗಿ ಓದಿದ. ನಿಕೊಲಾವುಸ್ ವೆನಾಟೋರ್! ಸಹಾಯಕನದೇ ಹೆಸರು, ಲ್ಯಾಟಿನ್ ವೇಷದಲ್ಲಿ, ತಲೆಕೆಳಗಾಗಿ. ಅಷ್ಟು ಹೊತ್ತಿಗೆ ಎಲ್ಲರ ನಾಲಿಗೆಗೂ ಅದು ರೂಢಿಯಾಗಿಬಿಟ್ಟಿತ್ತು. 2016ರಲ್ಲಿ ಒಕ್ಕೂಟ ನಕ್ಷತ್ರಗಳ ಹೆಸರು ಖಚಿತ ಮಾಡಲು ಸಮಿತಿ ಕೂರಿಸಿದಾಗ ಇವೆರಡಕ್ಕೂ ಮುದ್ರೆ ಬಿತ್ತು. ಅವು ಬೇರೆಲ್ಲೂ ಅಲ್ಲ, ನಮ್ಮ ಧನಿಷ್ಠಾ ನಕ್ಷತ್ರದ ಗುಂಪಿನಲ್ಲೇ ಇವೆ. ದೇವಸ್ಥಾನದಲ್ಲಿ ಅರ್ಚನೆಗೆ ನಿಂತು ಭಕ್ತಿಯಿಂದ "ಧನಿಷ್ಠಾ" ಅನ್ನುವವರೇ, ನಿಮ್ಮ ಜನ್ಮನಕ್ಷತ್ರದಲ್ಲಿ ಇಟಲಿಯ ಗುಮಾಸ್ತೆಯೊಬ್ಬ ಇನ್ನೂರು ವರ್ಷದಿಂದ ಬಾಡಿಗೆಯಿಲ್ಲದೆ ಕೂತಿದ್ದಾನೆ.

ನೇರ ದಾರಿ ಇಲ್ಲವೆಂದಲ್ಲ. 2019ರಲ್ಲಿ ಒಕ್ಕೂಟ ತನ್ನ ನೂರನೇ ವರ್ಷಕ್ಕೆ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದರ ಒಂದು ಗ್ರಹ ಕೊಟ್ಟು ಹೆಸರಿಡಿ ಅಂದಿತು. ಭಾರತದ ಪಾಲಿನ ನಕ್ಷತ್ರಕ್ಕೆ ಸೂರತ್‌ನ ಒಬ್ಬ ವಿದ್ಯಾರ್ಥಿ ಸೂಚಿಸಿದ 'ಬಿಭಾ' ಗೆದ್ದಿತು. ವಿಶ್ವಕಿರಣಗಳ ಅಧ್ಯಯನ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿಯವರ ಹೆಸರು ಅದು. ಯಾರೂ ಕಾರ್ಡ್ ಉಜ್ಜಲಿಲ್ಲ.

ಇಷ್ಟು ಕೇಳಿದ ಭಾವಮೈದ ಪಟ್ಟು ಬಿಡಬೇಕಲ್ಲ? "ನಕ್ಷತ್ರ ಬೇಡ, ಕ್ಷುದ್ರಗ್ರಹ?" ಅಂದ. ಅದಾದೀತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ 1988ರಲ್ಲಿ ರಾಜಮೋಹನ್ ಕಂಡ ಒಂದಕ್ಕೆ ರಾಮಾನುಜನ್ ಹೆಸರಿದೆ. ಚೆಸ್ಸಿನ ವಿಶ್ವನಾಥನ್ ಆನಂದ್ ಹೆಸರಿನದ್ದೂ ಒಂದಿದೆ. ಆದರೆ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು. ಒಪ್ಪೋದು ಬಿಡೋದು ಒಕ್ಕೂಟದ ಸಮಿತಿಯದ್ದು. ವ್ಯಾಪಾರದ ಹೆಸರು ನಡೆಯೋದಿಲ್ಲ. ರಾಜಕಾರಣಿಗಳ ಹೆಸರಾದರೆ ಅವರು ಸತ್ತು ನೂರು ವರ್ಷ ಆಗಿರಬೇಕು, ಆದ್ದರಿಂದ ನಮ್ಮ ಫ್ಲೆಕ್ಸ್ ಹುಡುಗರು ಸ್ವಲ್ಪ ಕಾಯಬೇಕು. ಒಬ್ಬ ಅಮೆರಿಕನ್ ಖಗೋಳಜ್ಞ ತನ್ನ ಬೆಕ್ಕಿನ ಹೆಸರು, ಮಿಸ್ಟರ್ ಸ್ಪಾಕ್ ಅಂತ, ಇಟ್ಟುಬಿಟ್ಟ ಮೇಲೆ ಸಾಕುಪ್ರಾಣಿ ಬೇಡ ಅಂತಲೂ ಹೇಳಿದ್ದಾರೆ. ಕೊನೆಯದಾಗಿ, ಇಂಗ್ಲಿಷಿನಲ್ಲಿ ಬರೆದರೆ ಹೆಸರು 16 ಅಕ್ಷರ ಮೀರಬಾರದು. ಎಣಿಸಿ ನೋಡಿದೆ. ವೆಂಕಟಸುಬ್ಬಯ್ಯ ಹದಿನೈದರಲ್ಲಿ ಪಾಸು. ಲಕ್ಷ್ಮೀನರಸಿಂಹಯ್ಯ ಮಾತ್ರ ಇನಿಶಿಯಲ್ ಮನೆಯಲ್ಲೇ ಬಿಟ್ಟು ಹೋದರೂ ಫೇಲು.