ರನ್ ಆಗೇತ್ರೀ ಸರ

ಪ್ರೋಗ್ರಾಮಿಂಗ್ ಕಲಿಯುವ ಹುಡುಗರ ಬಾಯಲ್ಲಿ 'ರನ್ ಆಗೇತ್ರೀ ಸರ' ಎಂಬ ಮಾತು ಬಂತೆಂದರೆ, ಇನ್ನು ನಮ್ಮನ್ನು ಮನೆಗೆ ಬಿಡಿ ಎಂದರ್ಥ. ಕರ್ಜಗಿಯಲ್ಲಿ ಭಾನುವಾರ ಪೈಥಾನ್ ಹೇಳಿಕೊಡುವ ನನಗೆ ಇದರಷ್ಟು ದಿಗಿಲು ಹುಟ್ಟಿಸುವ ಮಾತು ಇನ್ನೊಂದಿಲ್ಲ. ಎರರ್ ಬಂದರೆ ಹುಡುಗ ತಲೆ ಕೆರೆದುಕೊಂಡಾದರೂ ಕೂರುತ್ತಾನೆ. ರನ್ ಆಯಿತೋ, ಚಪ್ಪಲಿ ಹುಡುಕುತ್ತಾನೆ.

ಒಮ್ಮೆ ಮೆಣಸಿನಕಾಯಿ ಲೆಕ್ಕದ ಪ್ರೋಗ್ರಾಮ್ ಬರೆಸಿದೆ. ತೂಕ ಕೇಳಬೇಕು, ದರ ಕೇಳಬೇಕು, ಗುಣಿಸಿ ರೊಕ್ಕ ಹೇಳಬೇಕು. ಒಬ್ಬ ಹುಡುಗ 2 ಕ್ವಿಂಟಲ್, 3 ರೂಪಾಯಿ ಎಂದು ಕೊಟ್ಟ. 6 ಬಂತು. ಕ್ವಿಂಟಲಿಗೆ ಮೂರು ರೂಪಾಯಿಯಂತೆ ಬ್ಯಾಡಗಿ ಮೆಣಸಿನಕಾಯಿ ಮಾರಿದ ಪುಣ್ಯಾತ್ಮ! ಬ್ಯಾಡಗಿ ಪೇಟೆಯ ಖರೀದಿದಾರ ಚೀಲದ ಬಾಯಲ್ಲಿ ಮಿರುಗುವ ಕಾಯಿ ನೋಡಿ ದರ ಬರೆಯುವುದಿಲ್ಲ, ತಳಕ್ಕೆ ಕೈ ಹಾಕುತ್ತಾನೆ. ಆದರೆ ತಾನೇ ಬರೆದ ಪ್ರೋಗ್ರಾಮಿನ ತಳಕ್ಕೆ ಕೈ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಬಾಗಿಲಲ್ಲಿ ನಿಂತಿದ್ದ ಹುಡುಗನ ಕಾಕಾ ಒಳಗೆ ಬಂದರು. ಒಂದೂವರೆ ಕ್ವಿಂಟಲ್ ಎಂದು 1.5 ಒತ್ತಿದರು. ಪರದೆಯ ತುಂಬ ಎರರ್.

"ಹಂಗ ಹಾಕಬಾರದ್ರೀ ಕಾಕಾ!"

"ಮಾಲು ಒಂದೂವರಿ ಐತಲ್ಲೋ ತಮ್ಮಾ. ಅರ್ಧ ನಿನ್ನ ಕಂಪ್ಯೂಟರಿಗೆ ಬಿಟ್ಟುಕೊಡಲೇನು?"

ಹುಡುಗ ಪೂರ್ಣಾಂಕವನ್ನಷ್ಟೇ ಒಪ್ಪುವ 'ಇಂಟ್' ಅಳಿಸಿ, ದಶಮಾಂಶವನ್ನೂ ಒಪ್ಪುವ 'ಫ್ಲೋಟ್' ಬರೆದ. ಕಾಕಾ ದರವನ್ನು ಅಲ್ಪವಿರಾಮ ಸಮೇತ 20,000 ಎಂದು ಒತ್ತಿದರು. ಮತ್ತೆ ಎರರ್. ಅದನ್ನೂ ಸರಿಪಡಿಸಿದ ಮೇಲೆ ಬೇಕೆಂದೇ ತೂಕವನ್ನು ಮೈನಸ್ 5 ಕೊಟ್ಟರು. ಪ್ರೋಗ್ರಾಮ್ ಶಾಂತವಾಗಿ ಮೈನಸ್ ಒಂದು ಲಕ್ಷ ತೋರಿಸಿತು. "ಅಂದ್ರ ಮಾಲು ಕೊಟ್ಟು ನಾನ ತಿರುಗಿ ರೊಕ್ಕ ಕೊಡಬೇಕು. ಇದೊಂದು ಲೆಕ್ಕ ಬರೋಬ್ಬರಿ ಐತಿ ನೋಡು" ಎಂದರು ಕಾಕಾ.

ಹುಡುಗರಿಗೆ ಸಮಾಧಾನವಾಗಲೆಂದು ಏರಿಯಾನ್-5 ರಾಕೆಟ್ಟಿನ ಕಥೆ ಹೇಳಿದೆ. 1996ರ ಜೂನ್ 4ರಂದು ಮೇಲೇರಿದ್ದು, 40 ಸೆಕೆಂಡು ತುಂಬುವ ಮೊದಲೇ ಚೂರುಚೂರಾಯಿತು. ಹಳೆಯ ಏರಿಯಾನ್-4ರಲ್ಲಿ ತಕರಾರಿಲ್ಲದೆ ನಡೆದಿದ್ದ ಪ್ರೋಗ್ರಾಮನ್ನೇ ಹೊಸದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ವೇಗದ ಅಂಕಿಯೊಂದು 16 ಬಿಟ್ಟಿನ ಜಾಗದಲ್ಲಿ ಹಿಡಿಯಲಿಲ್ಲ. ಹೊಸ ಹಾರಾಟದ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ಯಾರೂ ಪರೀಕ್ಷಿಸಿರಲಿಲ್ಲ. "ಅವರೂ 2, 3 ಹಾಕಿ ನೋಡಿದ್ರೇನ್ರೀ?" ಎಂದು ಹುಡುಗಿಯೊಬ್ಬಳು ಕೇಳಿದಳು. ಹೆಚ್ಚುಕಡಿಮೆ ಹಾಗೇ.

ಮುಂದಿನ ಪಾಠ, ಹಿಂದಿನಿಂದ ಓದಿದರೂ ಅದೇ ಆಗುವ ಪದವನ್ನು ಗುರುತಿಸುವುದು. ಎಲ್ಲರೂ 'ಕನಕ' ಕೊಟ್ಟರು; ಬಾಡದ ಕನಕದಾಸರು ನಮ್ಮ ಜಿಲ್ಲೆಯವರೇ ಅಲ್ಲವೇ. 'ಹೌದು' ಎಂದು ಬಂತು. ನಯನ, ಸರಸ, ಜಲಜ ಎಲ್ಲವೂ ಪಾಸು. ಆಗ ನಾನು ತೆನಾಲಿ ರಾಮನ 'ವಿಕಟಕವಿ' ಕೊಟ್ಟೆ. 'ಅಲ್ಲ' ಎಂದಿತು! ಕಂಪ್ಯೂಟರಿಗೆ ವ ಬೇರೆ, ಅದರ ಗುಡಿಸು ಬೇರೆ. ತಿರುಗಿಸಿದರೆ ಗುಡಿಸು ಮೊದಲು ಬಂದು ಕೂರುತ್ತದೆ. ನಮಗೆ ಮೂರಕ್ಷರದ ಕರ್ಜಗಿ ಪೈಥಾನಿಗೆ ಆರು. ಹುಡುಗರು ಗುಡಿಸು, ಕೊಂಬುಗಳನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿದರು, ವಿಕಟಕವಿ ಗೆದ್ದ. ಒತ್ತಕ್ಷರ ಬಂದಾಗ ಮತ್ತೆ ಮುಗ್ಗರಿಸಿತು. ಅದನ್ನು ತಿದ್ದುವ ಭರದಲ್ಲಿ ಕನಕನೇ ಫೇಲಾದ. ಅಂದಿನಿಂದ, ರಾಕೆಟ್ಟಿನ ಬಗ್ಗೆ ಕೇಳಿದ್ದ ಆ ಹುಡುಗಿ, ಕೊಟ್ಟು ನೋಡಿದ ಪದಗಳನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾಳೆ. ಒಂದು ಸಾಲು ತಿದ್ದಿದರೂ ಪಟ್ಟಿಯನ್ನೆಲ್ಲ ಮೊದಲಿಂದ ಓಡಿಸುತ್ತಾಳೆ.

ಈಗ ಒಬ್ಬರ ಪ್ರೋಗ್ರಾಮ್ ಇನ್ನೊಬ್ಬರು ಕೆಡಿಸುವುದೇ ಆಟ. ಮೊನ್ನೆ ಒಬ್ಬ ಏನನ್ನೂ ಬರೆಯದೆ ಬರೀ ಎಂಟರ್ ಒತ್ತಿದ. 'ಹೌದು, ಹಿಂದಿನಿಂದಲೂ ಅದೇ' ಎಂದಿತು. ಇದು ಸರಿಯೋ ತಪ್ಪೋ ಎಂದು ಜಗಳ ಹತ್ತಿತು. ಗಣಿತದ ಪ್ರಕಾರ ಸರಿ ಎಂದೆ ನಾನು. "ಏನೂ ಬರೀದಿದ್ರ ಹಿಂದ ಯಾವುದು, ಮುಂದ ಯಾವುದು?" ಎಂದು ಕಾಕಾ ತಪ್ಪೆನ್ನುವ ಹುಡುಗರ ಕಡೆ ಸೇರಿಕೊಂಡರು. ಆ ಪ್ರಶ್ನೆಯೂ ಈಗ ಕೊನೆಯ ಹಾಳೆಯಲ್ಲಿದೆ, ಉತ್ತರದ ಜಾಗ ಖಾಲಿ ಬಿಟ್ಟು.